ಸಸ್ಕಾಚೆವಾನಿನ ಮಣ್ಣು

ಕೇಳುಗರಿಗೆ ನಮಸ್ಕಾರ.

ಕೆನಡಾಕ್ಕೆ ಹೋಗಿ ಬಂದೆ ಅಂದರೆ ಸಾಕು, ಜನ ಕೇಳುವ ಮೊದಲ ಪ್ರಶ್ನೆ, "ಚಳಿ ಎಷ್ಟಿತ್ತು ಸಾರ್?" ಎರಡನೆಯದು, "ವೀಸಾ ಸುಲಭವಾಗಿ ಸಿಗುತ್ತಾ?" ಚಳಿ ಇದೆ ಸ್ವಾಮಿ. ಜನವರಿಯಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಕ್ಕೂ ಇಳಿಯುತ್ತೆ. ಚಳಿಯ ಮಾತು ಅಲ್ಲಿಗೆ ಮುಗಿಯಿತು. ವೀಸಾ ನನ್ನ ಇಲಾಖೆಯಲ್ಲ. ನಾನು ಮಣ್ಣಿನ ಮನುಷ್ಯ, ಸಸ್ಕಾಚೆವಾನ್ ಪ್ರಾಂತ್ಯದ ಮಣ್ಣಿನ ಬಗ್ಗೆಯೇ ಮಾತಾಡುತ್ತೇನೆ.

ನಕ್ಷೆ ಇದ್ದರೆ ತೆಗೆದು ನೋಡಿ. ಕೆನಡಾದ ಮಧ್ಯದಲ್ಲಿ ಅಡಿಕೋಲು ಇಟ್ಟು ಗೆರೆ ಎಳೆದ ಹಾಗೆ ಒಂದು ಪ್ರಾಂತ್ಯ ಕಾಣುತ್ತೆ. ದಕ್ಷಿಣಕ್ಕೆ 49ನೇ ಅಕ್ಷಾಂಶ, ಅದರಾಚೆ ಅಮೆರಿಕ. ಉತ್ತರಕ್ಕೆ 60ನೇ ಅಕ್ಷಾಂಶ. ಆರೂವರೆ ಲಕ್ಷ ಚದರ ಕಿಲೋಮೀಟರ್ ನೆಲ, ಹನ್ನೆರಡು ಲಕ್ಷದಷ್ಟು ಜನ. ರಾಜಧಾನಿ ರಿಜೈನಾ, ದೊಡ್ಡ ಊರು ಸಸ್ಕಟೂನ್. ಉತ್ತರದ ಅರ್ಧ ಬರೀ ಕಾಡು, ಬಂಡೆ, ಸರೋವರ, ನೆಲದಡಿ ಯುರೇನಿಯಂ. ಅದನ್ನು ಬಿಡೋಣ. ದಕ್ಷಿಣಕ್ಕೆ ಬನ್ನಿ. ಹತ್ತು ಸಾವಿರ ವರ್ಷಕ್ಕೂ ಹಿಂದೆ ಹಿಮನದಿಗಳು ಕರಗಿ ಹಿಂದೆ ಸರಿದಾಗ ಮೆಕ್ಕಲು, ಜೇಡಿ, ಕಲ್ಲು ಎಲ್ಲ ಅಲ್ಲೇ ಉಳಿಯಿತು. ಮೇಲೆ ಹುಲ್ಲು ಬೆಳೆಯಿತು. ಸಾವಿರಾರು ವರ್ಷ ಆ ಹುಲ್ಲಿನ ಬೇರು ಕೊಳೆತು ಕೊಳೆತು ಕಪ್ಪು ಮಣ್ಣಾಯಿತು. ಕೆನಡಾದ ಸಾಗುವಳಿ ಭೂಮಿಯಲ್ಲಿ ಶೇಕಡಾ 40ಕ್ಕೂ ಹೆಚ್ಚು ಇದೊಂದೇ ಪ್ರಾಂತ್ಯದಲ್ಲಿದೆ. ಹಿಮ ಆರು ತಿಂಗಳ ಅತಿಥಿ, ಮಣ್ಣು ಮನೆಯ ಯಜಮಾನ.

ಈ ಮಣ್ಣು ಯಾರದ್ದಾಗಿತ್ತು? ಕ್ರೀ ಮೊದಲಾದ ಮೂಲನಿವಾಸಿಗಳದ್ದು, ಮೂಲನಿವಾಸಿ-ಯುರೋಪಿಯನ್ ಮಿಶ್ರ ಸಂತತಿಯ ಮೆಟಿ ಜನರದ್ದು. 1874ರಲ್ಲಿ, 1876ರಲ್ಲಿ ಮೂಲನಿವಾಸಿಗಳ ಜೊತೆ ಸರ್ಕಾರದ ಒಪ್ಪಂದಗಳಾದವು. ಬದುಕಿಗೆ ಆಧಾರವಾಗಿದ್ದ ಕಾಡೆಮ್ಮೆ ಹಿಂಡುಗಳು ಮುಗಿದೇ ಹೋದವು. 1885ರಲ್ಲಿ ಮೆಟಿ ಜನ ದಂಗೆ ಎದ್ದರು, ಅವರ ನಾಯಕ ಲೂಯಿ ರಿಯೆಲ್‌ನನ್ನು ರಿಜೈನಾದಲ್ಲಿ ಗಲ್ಲಿಗೇರಿಸಿದರು. ಆ ಕಾಲದಲ್ಲಿ ಮೂಲನಿವಾಸಿ ರೈತ ತಾನು ಬೆಳೆದ ಕಾಳನ್ನು ಮಾರಬೇಕಾದರೆ ಸರ್ಕಾರಿ ಏಜೆಂಟನ ಚೀಟಿ ಬೇಕಾಯಿತು. ಹೊರಗಿನಿಂದ ಬಂದವರಿಗೋ, 1872ರ ಕಾನೂನಿನಂತೆ ಹತ್ತು ಡಾಲರ್ ಕಟ್ಟಿದರೆ 160 ಎಕರೆ! ಮೂರು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಒಂದಿಷ್ಟು ನೆಲ ಉತ್ತರೆ ಸಾಕು. ಉಕ್ರೇನಿನವರು, ಜರ್ಮನ್ನರು, ರಷ್ಯಾದಿಂದ ದುಖೊಬೊರರು ಎಂಬ ಕ್ರೈಸ್ತ ಪಂಥದವರು ಬಂದರು. ಮರವಿಲ್ಲದ ಬಯಲಲ್ಲಿ ಹುಲ್ಲುಹೆಂಟೆಯನ್ನೇ ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಎಬ್ಬಿಸಿದರು. 1905ರಲ್ಲಿ ಅದು ಪ್ರಾಂತ್ಯವಾಯಿತು.

ಈಗ ನನಗೆ ಇಷ್ಟವಾದ ಕಥೆಗೆ ಬರ್ತೀನಿ. 1960ರ ದಶಕದ ಕೊನೆಗೆ ಅಲ್ಲಿ ಗೋಧಿ ಕೊಳ್ಳುವವರಿಲ್ಲದೆ ಗೋದಾಮುಗಳಲ್ಲಿ ರಾಶಿ ಬಿತ್ತು. 1970ರಲ್ಲಿ ಸರ್ಕಾರವೇ "ಗೋಧಿ ಬಿತ್ತಬೇಡಿ, ಹೊಲ ಬೀಳು ಬಿಡಿ, ಎಕರೆಗೆ ಆರು ಡಾಲರ್ ಕೊಡ್ತೀವಿ" ಅಂದಿತು. ರೈತನಿಗೆ ಬಿತ್ತಬೇಡ ಅನ್ನುವುದು! ಮರುವರ್ಷ ಸಸ್ಕಟೂನಿನ ವಿಶ್ವವಿದ್ಯಾಲಯದಲ್ಲಿ ಬೆಳೆ ಅಭಿವೃದ್ಧಿ ಕೇಂದ್ರ ತೆರೆದರು. 1972ರಲ್ಲಿ ಅಮೆರಿಕದ ಐಡಾಹೊದಿಂದ ಆಲ್ ಸ್ಲಿಂಕಾರ್ಡ್ ಎಂಬ ವಿಜ್ಞಾನಿ ಬಂದರು. ಅವರು ಕೈಗೆತ್ತಿಕೊಂಡದ್ದು ಬೇಳೆಕಾಳು. ಅದರಲ್ಲೂ ಮಸೂರ, ನಮ್ಮ ಕಡೆ ಚನ್ನಂಗಿ ಅಂತಾರಲ್ಲ, ಅದು. ತಾವು ತಿನ್ನದ ಕಾಳನ್ನು ಗೋಧಿ ರೈತರಿಗೆ ಬೆಳೆಯಿರಿ ಅಂದರೆ ಹೇಗಿರಬೇಡ?

ತೊಂದರೆ ಏನು ಅಂದರೆ, ಮಸೂರದ ಗಿಡ ಮೊಣಕಾಲಿಗೂ ಬರುವುದಿಲ್ಲ. ಕಾಯಿ ನೆಲಕ್ಕೆ ಹತ್ತಿರ. ಕಟಾವು ಯಂತ್ರದ ಬ್ಲೇಡು ಮಣ್ಣು ಕೆರೆದುಕೊಂಡೇ ಓಡಬೇಕು. ಹಿಮನದಿ ಬಿಟ್ಟುಹೋದ ಕಲ್ಲು ಇದೆಯಲ್ಲ, ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಸಡಿಲವಾಗುವಾಗ ಅದು ಪ್ರತಿವರ್ಷ ಮೇಲೆ ಬರುತ್ತೆ. ಒಂದು ಹೊಲದಲ್ಲಿ ನಾನು ನೋಡಿದೆ. ಅಪ್ಪ-ಮಗ ಕಲ್ಲು ಆರಿಸಿ ಮೂಲೆಗೆ ಗುಡ್ಡೆ ಹಾಕಿದ್ದರು, ಆಳೆತ್ತರದ ಗುಡ್ಡೆ! ಬಿತ್ತಿದ ಮೇಲೆ ಟ್ರ್ಯಾಕ್ಟರಿಗೆ ಭಾರದ ಉಕ್ಕಿನ ರೋಲರು ಕಟ್ಟಿ, ಉಳಿದ ಕಲ್ಲನ್ನೆಲ್ಲ ಮಣ್ಣಿಗೆ ಒತ್ತುತ್ತಾರೆ. ಆಮೇಲೇ ಬ್ಲೇಡು ಉಳಿಯುವುದು. "ಈ ಕಾಳನ್ನ ನೀವು ತಿಂತೀರಾ?" ಅಂತ ಕೇಳಿದೆ. ಅಪ್ಪ ನಕ್ಕು, "ಸೂಪಿಗೆ ಒಂದು ಹಿಡಿ" ಅಂದರು. ಆಮೇಲೆ ಅವರು ನನ್ನನ್ನು ಕೇಳಿದ್ದು: ಈ ಸಲ ನಿಮ್ಮಲ್ಲಿ ಮಳೆ ಹೇಗಿದೆ?

ಯಾಕೆ ಕೇಳಿದರು? ಹೇಳ್ತೀನಿ. ಸ್ಲಿಂಕಾರ್ಡ್ 1978ರಲ್ಲಿ ಲೇರ್ಡ್ ಎಂಬ ಎತ್ತರದ ತಳಿ ಕೊಟ್ಟರು, ಬೆಳೆ ಹಬ್ಬಿತು. ರೈತರೇ ತಮ್ಮ ಮಾರಾಟದ ಹಣದಲ್ಲಿ ಒಂದು ಪಾಲು ಸಂಶೋಧನೆಗೆ ಎತ್ತಿಟ್ಟರು, ಇದನ್ನು ಎರಡು ಸಲ ಹೇಳಬೇಕು, ರೈತರೇ ಎತ್ತಿಟ್ಟರು. ಬೀಳು ಬಿಡುತ್ತಿದ್ದ ಹೊಲದಲ್ಲಿ ಮಸೂರ ಬಂತು, ಅದರ ಬೇರಿನ ಗಂಟು ಮಣ್ಣಿಗೆ ಸಾರಜನಕ ಸೇರಿಸಿತು, ಮುಂದಿನ ಗೋಧಿಗೆ ಅನುಕೂಲವಾಯಿತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಮಸೂರ ರಫ್ತು ಮಾಡುವ ದೇಶ ಕೆನಡಾ, ಅದರಲ್ಲಿ ಬಹುಪಾಲು ಸಸ್ಕಾಚೆವಾನಿನದು. ದೊಡ್ಡ ಗಿರಾಕಿ ನಾವು. ನಮ್ಮಲ್ಲಿ ಮಳೆ ಚೆನ್ನಾಗಿ ಬಂದು ಕಾಳು ಬೆಳೆದರೆ ಅವರ ಕಾಳಿಗೆ ಬೇಡಿಕೆ ಇಳಿಯುತ್ತೆ, ಅದಕ್ಕೇ ಆ ಅಪ್ಪ ಮಳೆ ಕೇಳಿದ್ದು. 2017ರ ಡಿಸೆಂಬರಿನಲ್ಲಿ ಭಾರತ ಮಸೂರದ ಮೇಲೆ ಶೇಕಡಾ 30 ಆಮದು ಸುಂಕ ಹಾಕಿದಾಗ ಅಲ್ಲಿನ ರೈತರ ಲೆಕ್ಕಾಚಾರವೇ ತಲೆಕೆಳಗಾಯಿತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದ್ದಾರೆ. ಹಾಡು, ಕರ್ಲಿಂಗ್ ಆಟ, ಉಕ್ರೇನಿನವರ ಪಿರೋಗಿ ಕಡುಬು ಎಲ್ಲ ಉಳಿಯಿತು. ಒಂದು ಮಾತು ಮಾತ್ರ ಹೇಳಿಬಿಡ್ತೀನಿ. 1930ರ ದಶಕದಲ್ಲಿ ಬರ ಬಿದ್ದು ಮಣ್ಣು ಧೂಳಾಗಿ ಹಾರಿತು, ವೈದ್ಯರಿಗೆ ಕೊಡಲು ಜನರ ಕೈಯಲ್ಲಿ ಕಾಸಿರಲಿಲ್ಲ. ಆ ಸಂಕಟ ಕಂಡವರೇ 1944ರಲ್ಲಿ ಪ್ರಾಂತ್ಯದ ಚುನಾವಣೆಯಲ್ಲಿ ಟಾಮಿ ಡಗ್ಲಾಸ್ ಎಂಬ ನಾಯಕನ ಪಕ್ಷವನ್ನು ಗೆಲ್ಲಿಸಿದ್ದು. 1962ರ ಜುಲೈ ಒಂದರಂದು ಎಲ್ಲರಿಗೂ ಸರ್ಕಾರಿ ವೈದ್ಯಕೀಯ ವಿಮೆ ಬಂತು. ವೈದ್ಯರು 23 ದಿನ ಮುಷ್ಕರ ಹೂಡಿದರೂ ಆ ವಿಮೆ ನಿಲ್ಲಲಿಲ್ಲ. ಆಮೇಲೆ ಇಡೀ ಕೆನಡಾ ಅದನ್ನೇ ಹಿಡಿಯಿತು. ಇದೂ ಮಣ್ಣಿನ ಕಥೆಯೇ.

ಕೊನೆಗೆ ಪೊಟ್ಯಾಷ್, ಗೊಬ್ಬರಕ್ಕೆ ಬಳಸುವ ಪೊಟ್ಯಾಸಿಯಂ ಉಪ್ಪು. 1943ರಲ್ಲಿ ಎಣ್ಣೆ ಹುಡುಕಲು ಕೊರೆದಾಗ ಸಿಕ್ಕಿದ್ದು ಇದು. ಸುಮಾರು ಒಂದು ಕಿಲೋಮೀಟರ್ ಆಳದಲ್ಲಿದೆ, ನಡುವೆ ನೀರು ತುಂಬಿದ ಮರಳಿನ ಪದರ. ಎಸ್ಟರ್‌ಹೇಜಿಯಲ್ಲಿ ಆ ಮರಳನ್ನು ಹೆಪ್ಪುಗಟ್ಟಿಸಿ ಗಣಿಯ ಬಾವಿ ಇಳಿಸಿದರು. ನಮ್ಮ ಎಂಒಪಿ, ಅಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ, ಹೆಚ್ಚುಕಡಿಮೆ ಪೂರ್ತಿ ಹೊರದೇಶದ್ದು, ಕೆನಡಾದಿಂದಲೂ ಬರುತ್ತೆ. ಅಡಿಕೆ ತೋಟದವರು ಕೆಲವರು ಕೆಂಪು ಪೊಟ್ಯಾಷ್ ಬೇಡ, ಬಿಳಿಯದೇ ಕೊಡಿ ಅಂತ ಅಂಗಡಿಯಲ್ಲಿ ಜಗಳ ಆಡ್ತೀರಿ. ಆ ಕೆಂಪು ಕಬ್ಬಿಣದ ಅಂಶದ್ದು ಸ್ವಾಮಿ, ಚೀಲದ ಮೇಲೆ ಬರೆದ ಪೊಟ್ಯಾಷ್ ಪ್ರಮಾಣ ಒಂದೇ ಆಗಿದ್ದರೆ ಗಿಡಕ್ಕೆ ಎರಡೂ ಒಂದೇ. ಯಾವುದು ಅಗ್ಗವೋ ಅದನ್ನೇ ತನ್ನಿ. ನಮಸ್ಕಾರ.