ಯಾವುದಕ್ಕೆ ಯಾವ ಅಂಟು?

ಹಾಸನ, ಚಿಕ್ಕಮಗಳೂರಿನ ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲಿ ಏನಾದರೂ ಮುರಿದರೆ ನಾವು ಮೊದಲು ಮಾಡುವ ಕೆಲಸ ಯಾವುದು? ಮಗುವನ್ನು ಅಂಗಡಿಗೆ ಓಡಿಸಿ ಆ ಚಿಕ್ಕ ಟ್ಯೂಬು ತರಿಸುವುದು. ಕುರ್ಚಿ ಕಾಲಿಗೂ ಅದೇ, ಬಕೆಟ್ಟಿಗೂ ಅದೇ, ಚಪ್ಪಲಿಗೂ ಅದೇ. ಎರಡು ದಿನಕ್ಕೆ ಕಿತ್ತು ಬಂದರೆ ಅಂಟಿಗೆ ಬೈಗುಳ. ಪಾಪ, ಅದರ ಕೆಲಸವೇ ಬೇರೆ. ಇಲ್ಲಿ ನಾನು ಕಂಪನಿ ಹೆಸರು ಹೇಳುವುದಿಲ್ಲ. ಹೇಳದಿದ್ದರೂ ನಿಮಗೆ ಗೊತ್ತಾಗುತ್ತದೆ ಬಿಡಿ.

ಆ ಟ್ಯೂಬಿನಲ್ಲಿರುವುದು ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಅವರ ತಂಡ ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಆಗ ಬದಿಗಿಟ್ಟರು. ಅಂಟಾಗಿ ಅಂಗಡಿಗೆ ಬಂದದ್ದು 1958ರಲ್ಲಿ. ಸ್ವಲ್ಪ ತೇವ ತಗುಲಿದರೆ ಸಾಕು, ಗಟ್ಟಿಯಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿ ಹಾಕದ ಟ್ಯೂಬು ಕಲ್ಲಾಗುವುದು ಇದಕ್ಕೇ. ಪಿಂಗಾಣಿ ಗೊಂಬೆಯ ಕೈ ಮುರಿದಿದೆ, ಎರಡು ತುಂಡೂ ಸರಿಯಾಗಿ ಕೂರುತ್ತವೆ ಅನ್ನಿ, ಅಲ್ಲಿ ಒಂದು ಹನಿ ಸಾಕು. ಜಾಸ್ತಿ ಹಾಕಿದರೆ ಹಿಡಿಯುವುದು ತಡವಾಗುತ್ತದೆ. ಆದರೆ ಒಣಗಿದ ಮೇಲೆ ಇದು ಬಾಗುವುದಿಲ್ಲ. ಚಪ್ಪಲಿ ಹೆಜ್ಜೆಹೆಜ್ಜೆಗೂ ಬಾಗುತ್ತದೆ, ಅಲ್ವಾ? ಅದಕ್ಕೆ ರಬ್ಬರ್ ಅಂಟು ತನ್ನಿ. ಎರಡೂ ಕಡೆ ತೆಳ್ಳಗೆ ಸವರಿ, ಹತ್ತು ನಿಮಿಷ ಸುಮ್ನೆ ಬಿಡಿ. ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಜೋಡಿಸಿ ಒತ್ತಿ.

ಕಾಫಿ ಕಪ್ಪಿನ ಹಿಡಿಗೆ ಮಾತ್ರ ಯಾವ ಅಂಟೂ ಬೇಡ. ಬಿಸಿಗೆ ಅಂಟು ಮೆತ್ತಗಾಗುತ್ತದೆ. ತುಂಬಿದ ಕಪ್ಪು ತೊಡೆ ಮೇಲೆ ಬೀಳುವುದಕ್ಕಿಂತ ಪೆನ್ನು ಇಡುವುದಕ್ಕೆ ಆ ಕಪ್ಪು ಆಗಲಿ. ಕುಕ್ಕರಿನ ಹಿಡಿಯೂ ಅಷ್ಟೇ, ಹೊಸದು ಹಾಕಿಸಿ.

ಈಗ ಮರದ ವಿಷಯ. ಹಲಸಿನ ಮರದ ಹಳೇ ಕುರ್ಚಿ, ಒಂದು ಕಾಲು ಅಲ್ಲಾಡುತ್ತಿದೆ. ಇದಕ್ಕೆ ಬಡಗಿಗಳು ಬಳಸುವ ಬಿಳಿ ಅಂಟೇ ಸರಿ. ಮೊದಲು ಕಾಲನ್ನು ಪೂರ್ತಿ ಬಿಚ್ಚಿ. ಹಳೇ ಅಂಟನ್ನು ಚಾಕುವಿನಿಂದ ಕೆರೆದು, ಮರದ ಮೈ ಕಾಣುವ ಹಾಗೆ ಮಾಡಿ. ಅರ್ಧ ಕೆಲಸ ಇದೇ, ನಮ್ಮವರು ಬಿಡುವುದೂ ಇದನ್ನೇ. ತೂತು ಸಡಿಲವಾಗಿದ್ದರೆ ಬಿಳಿ ಅಂಟು ಅದನ್ನು ತುಂಬಿಕೊಡುವುದಿಲ್ಲ, ತೆಳು ಮರದ ಚಕ್ಕೆ ಸೇರಿಸಬೇಕು. ಅಂಟು ಹಚ್ಚಿ ಕೂರಿಸಿದ ಮೇಲೆ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಬಿಗಿಯಾಗಿ ಸುತ್ತಿ. ಹೊರಗೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಅಂಟಿನಲ್ಲಿರುವ ನೀರು ಆರಿದರೆ ತಾನೆ ಅದು ಹಿಡಿಯುವುದು? ಒಂದು ದಿನ ಯಾರೂ ಕೂರಬಾರದು. ಜುಲೈ ಮಳೆಯಾದರೆ ಎರಡು ದಿನ, ಅದೂ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ. ಬಚ್ಚಲ ಬಾಗಿಲಿಗಾದರೆ ನೀರಿಗೆ ತಡೆಯುವ ಬಿಳಿ ಅಂಟನ್ನೇ ಕೇಳಿ ತನ್ನಿ.

ಪುಸ್ತಕದ ರಟ್ಟಿಗೆ ಮೈದಾ ಅಂಟೇ ಚೆನ್ನ. ತೋಟದ ಮನೆಗಳಲ್ಲಿ ಬೆಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಅಂತ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇದ್ದೇ ಇರುತ್ತದೆ. ಅಂಟಿಗೆ ಚಿಟಿಕೆ ಸೇರಿಸಿದರೆ ಹುಳ, ಬೂಷ್ಟು ಕಡಿಮೆ. ಅದು ವಿಷ, ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ.

ಪ್ಲಾಸ್ಟಿಕ್ ಬಕೆಟ್ಟಿನ ತಳ ತಿರುಗಿಸಿ ನೋಡಿ. ತ್ರಿಕೋನದ ಒಳಗೆ 2 ಅಥವಾ 5 ಇದ್ದರೆ ಅದು ಪಾಲಿಥಿನ್ ಇಲ್ಲವೇ ಪಾಲಿಪ್ರೊಪಿಲಿನ್. ಮನೆಯಲ್ಲಿರುವ ಯಾವ ಅಂಟೂ ಇದಕ್ಕೆ ಹಿಡಿಯುವುದಿಲ್ಲ, ದುಡ್ಡು ದಂಡ. ಪಿವಿಸಿ ಪೈಪು ಬೇರೆ ಜಾತಿ. ಅದರ ಸಲ್ಯೂಷನ್ ಪೈಪಿನ ಮೈಯನ್ನೇ ಕರಗಿಸಿ ಒಂದಾಗಿಸುತ್ತದೆ. ಕಬ್ಬಿಣ, ಕಲ್ಲು, ಸೋರುವ ಪೈಪಿನ ಸಂದು, ಇವಕ್ಕೆ ಎರಡು ಬಣ್ಣದ ಎಪಾಕ್ಸಿ ಉಂಡೆ, ಅಂದರೆ ಎರಡನ್ನೂ ಕಲಸಿದ ಮೇಲೆ ಗಟ್ಟಿಯಾಗುವ ಹಿಟ್ಟಿನಂಥ ಅಂಟು. ಸಮಸಮ ತೆಗೆದು, ಒಂದೇ ಬಣ್ಣ ಬರುವ ತನಕ ನಾದಬೇಕು. ಬಣ್ಣದ ಗೆರೆ ಉಳಿದರೆ ಅಲ್ಲಿ ಗಟ್ಟಿಯಾಗುವುದಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಇರಲಿ.

ಕೊನೆಗೆ, ಆ ಚಿಕ್ಕ ಟ್ಯೂಬನ್ನು ಮಕ್ಕಳ ಕೈಗೆ ಕೊಡಬೇಡಿ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಸೋಪು ಹಾಕಿದ ಬೆಚ್ಚಗಿನ ನೀರಿನಲ್ಲಿಟ್ಟು ನಿಧಾನ ಬಿಡಿಸಿ. ಕಣ್ಣಿಗೆ ಬಿದ್ದರೆ ನೀರಿನಲ್ಲಿ ತೊಳೆಯುತ್ತಾ ನೇರ ಆಸ್ಪತ್ರೆಗೆ ಹೋಗಿ, ರೆಪ್ಪೆಯನ್ನು ನೀವೇ ಬಿಡಿಸಲು ಹೋಗಬೇಡಿ.

ನಮಸ್ಕಾರ.