ನರುಳ್ಳೆಗೆ ದಾರ ಕಟ್ಟುವ ಮೊದಲು

ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ ‘ನರುಳ್ಳೆಯನ್ನು ಮನೆಯಲ್ಲೇ ತೆಗೆಯುವುದು ಹೇಗೆ’ ಅಂತ. ಚರ್ಮದ ಡಾಕ್ಟರನ್ನೇ ಕರೆಸಿ ಈ ಪ್ರಶ್ನೆ ಕೇಳುವುದಕ್ಕೆ ಧೈರ್ಯ ಬೇಕು! ಇರಲಿ, ಉತ್ತರ ಕೊಡುತ್ತೇನೆ. ಆದರೆ ತೆಗೆಯುವುದು ಈ ಕೆಲಸದಲ್ಲಿ ಸುಲಭದ ಭಾಗ. ಮೈಮೇಲಿರುವುದು ಏನು ಎಂದು ಗುರುತಿಸುವುದೇ ಕಷ್ಟ. ಮನೆಯಲ್ಲಿ ಜನ ಎಡವುವುದೂ ಅಲ್ಲೇ.

ನಾವು ನರುಳ್ಳೆ, ನರಹುಲಿ ಅನ್ನುವುದರಲ್ಲಿ ಎರಡು ಬೇರೆ ಬೇರೆ ವಸ್ತು ಸೇರಿಕೊಂಡಿವೆ. ಒಂದು ಸ್ಕಿನ್ ಟ್ಯಾಗ್. ಕತ್ತು, ಕಂಕುಳು, ತೊಡೆಸಂದು, ಕಣ್ಣಿನ ರೆಪ್ಪೆ, ಹೆಂಗಸರಿಗೆ ಎದೆಯ ಕೆಳಗೆ, ಹೀಗೆ ಮಡಿಕೆ ಇರುವ, ಉಜ್ಜುವ ಜಾಗದಲ್ಲಿ ಬರುತ್ತದೆ. ಮೆತ್ತಗಿರುತ್ತದೆ, ಸಣ್ಣ ತೊಟ್ಟಿನಿಂದ ಜೋತುಬಿದ್ದಿರುತ್ತದೆ. ಒಳಗೆ ಒಂದಿಷ್ಟು ನಾರು, ಒಂದಿಷ್ಟು ರಕ್ತನಾಳ, ಅಷ್ಟೇ. ಹೆಚ್ಚಿನವು 5 ಮಿಲಿಮೀಟರ್ ದಾಟುವುದಿಲ್ಲ. ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ. ಇನ್ನೊಂದು ವಾರ್ಟ್. ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ, ಹೂಕೋಸಿನ ಹಾಗೆ ಒರಟಾಗಿರುತ್ತದೆ, ಕೈ ಕಾಲಿನಲ್ಲಿ ಜಾಸ್ತಿ, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಯಾಲಿಸಿಲಿಕ್ ಆಸಿಡ್ ಔಷಧಿ ಇದಕ್ಕೆ ಮಾಡಿದ್ದು. ಅದನ್ನು ತಂದು ಕತ್ತಿನ ಸ್ಕಿನ್ ಟ್ಯಾಗಿಗೆ ಹಚ್ಚಿದರೆ ಸುತ್ತಲಿನ ತೆಳು ಚರ್ಮ ಸುಡುತ್ತದೆ.

ಈಗ ನಮ್ಮ ಮನೆಮದ್ದಿಗೆ ಬರೋಣ. ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಹಚ್ಚುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದು ಕೆಲಸ ಮಾಡುವುದೂ ನಿಜ. ಯಾಕೆ ಗೊತ್ತಾ? ಎರಡೂ ನೀರಿನಲ್ಲಿ ಸೇರಿದರೆ ಕಾಸ್ಟಿಕ್ ಸೋಡಾ ಆಗುತ್ತದೆ. ಕಟ್ಟಿಕೊಂಡ ಮೋರಿಗೆ ಸುರಿಯುತ್ತೇವಲ್ಲ, ಅದೇ. ನರುಳ್ಳೆ ಎಲ್ಲಿ ಮುಗಿಯಿತು, ಒಳ್ಳೆಯ ಚರ್ಮ ಎಲ್ಲಿ ಶುರುವಾಯಿತು ಎಂದು ಅದಕ್ಕೆ ತಿಳಿಯುವುದಿಲ್ಲ. ರೆಪ್ಪೆಯ ಮೇಲೆ ಹಚ್ಚಿ ಒಂದು ಹನಿ ಕಣ್ಣಿಗೆ ಇಳಿದರೆ ದೃಷ್ಟಿಯೇ ಹೋಗಬಹುದು. ಕರಾವಳಿ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಾರೆ. ಅದೂ ಸುಡುವ ಎಣ್ಣೆಯೇ. ಗೇರು ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುವವರ ಬೆರಳು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಬೆಳ್ಳುಳ್ಳಿ ಜಜ್ಜಿ ಪಟ್ಟಿ ಕಟ್ಟುವುದು, ವಿನೆಗರ್‌ನಲ್ಲಿ ಹತ್ತಿ ಅದ್ದಿ ರಾತ್ರಿಯಿಡೀ ಇಡುವುದು, ಇವೂ ಅದೇ ಜಾತಿ. ಸುಟ್ಟ ಜಾಗ ನಮ್ಮ ಕಂದು ಚರ್ಮದಲ್ಲಿ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ಸೀರಮ್, ನರುಳ್ಳೆ ಸುಡುವ ಪೆನ್ನುಗಳ ಬಗ್ಗೆಯೂ ಕೇಳುತ್ತೀರಿ. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2022ರಲ್ಲಿ ಇಂಥ ಔಷಧಿ ಮಾರುವ ಕೆಲವು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಡಾಕ್ಟರ ಚೀಟಿ ಇಲ್ಲದೆ ಕೊಂಡು ಮಚ್ಚೆ, ಸ್ಕಿನ್ ಟ್ಯಾಗ್ ತೆಗೆಯುವುದಕ್ಕೆ ತಾನು ಒಪ್ಪಿಗೆ ಕೊಟ್ಟ ಔಷಧಿ ಒಂದೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಉಳಿದದ್ದು ದಾರ. ಹಿಂದೆ ಕುದುರೆ ಬಾಲದ ಕೂದಲು ಕಟ್ಟುತ್ತಿದ್ದರು. ಬಿಗಿಯಾಗಿ ಕಟ್ಟಿದರೆ ತೊಟ್ಟಿಗೆ ರಕ್ತ ಹೋಗದೆ ಅದು ಕಪ್ಪಾಗಿ ಉದುರುತ್ತದೆ. ಇದರಲ್ಲಿ ತರ್ಕ ಇದೆ, ನಾನು ನಗುವುದಿಲ್ಲ. ಆದರೆ ಡಾಕ್ಟರು ಒಮ್ಮೆ ನೋಡಿ, ಇದು ಸ್ಕಿನ್ ಟ್ಯಾಗೇ ಎಂದಿರಬೇಕು. ತೊಟ್ಟು ಸಣ್ಣಗಿರಬೇಕು, ಗಾತ್ರ ಅಕ್ಕಿಕಾಳಿಗಿಂತ ಜಾಸ್ತಿ ಇರಬಾರದು. ಕಣ್ಣಿನ ರೆಪ್ಪೆ, ಗುಪ್ತಾಂಗ, ಗುದದ ಹತ್ತಿರ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇದ್ದವರು, ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಕೈ ಹಾಕಬೇಡಿ. ಉಗುರು ಕತ್ತರಿಸುವ ಕಟ್ಟರ್‌ನಿಂದ ಕತ್ತರಿಸುವುದಂತೂ ಯಾರೂ ಮಾಡಬಾರದು. ತೊಟ್ಟಿನೊಳಗೆ ರಕ್ತನಾಳ ಇದೆ ಎಂದೆನಲ್ಲ. ಕರಿಮಣಿ ಸರಕ್ಕೆ ಸಿಕ್ಕಿ ತಾನಾಗಿ ಕಿತ್ತುಬಂದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ.

ಒಂದು ಮಾತು ಅಜ್ಜಿಯರಿಗೆ. ಹುಟ್ಟಿದ ಮಗುವಿನ ಕಿವಿಯ ಮುಂದೆ ಸಣ್ಣ ಗುಬುಟು ಇದ್ದರೆ ಅದಕ್ಕೆ ದಾರ ಕಟ್ಟಬೇಡಿ. ಅದರೊಳಗೆ ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು, ಇರಬಹುದು, ಮಗುವಿನ ಕಿವಿ ಕೇಳಿಸುತ್ತದೆಯೇ ಎಂದೂ ಪರೀಕ್ಷೆ ಮಾಡಿಸಬೇಕು.

ತಡಮಾಡದೆ ಬರಬೇಕಾದವರು ಯಾರು? ಬಣ್ಣ ಬದಲಾದದ್ದು, ಒಂದೇ ಗಂಟಿನಲ್ಲಿ ಎರಡು ಮೂರು ಬಣ್ಣ ಇರುವುದು, ಅಂಚು ಅಂಕುಡೊಂಕಾದದ್ದು, ಬೇಗ ಬೆಳೆಯುತ್ತಿರುವುದು, ಮುಟ್ಟದೆಯೇ ರಕ್ತ ಬರುವುದು, ಗಟ್ಟಿಯಾಗಿರುವುದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಜಾಸ್ತಿ. ಅದನ್ನು ಮಚ್ಚೆ ಎಂದುಕೊಂಡು ಸುಣ್ಣ ಹಚ್ಚಿದರೆ ಮೇಲಿನದು ಹೋಗುತ್ತದೆ, ಕೆಳಗಿನದು ಬೆಳೆಯುತ್ತಲೇ ಇರುತ್ತದೆ. ಪರೀಕ್ಷೆಗೆ ಕಳಿಸೋಣವೆಂದರೆ ನಮ್ಮ ಕೈಗೆ ತುಣುಕೂ ಸಿಗುವುದಿಲ್ಲ. ಮೈತುಂಬ ಮೆತ್ತನೆ ಗಂಟು, ಜೊತೆಗೆ ಕಾಫಿ ಬಣ್ಣದ ಮಚ್ಚೆಗಳು ಇದ್ದರೆ ಅದು ನರಗಳಿಗೆ ಸಂಬಂಧಿಸಿದ ವಂಶವಾಹಿ ಕಾಯಿಲೆ ಇರಬಹುದು. ಅಲ್ಲಿ ತೆಗೆಯುವ ಮಾತು ಆಮೇಲೆ.

ಇನ್ನು ಕತ್ತಿನ ಸುತ್ತ ಗುಂಪು ಗುಂಪಾಗಿ ಸ್ಕಿನ್ ಟ್ಯಾಗ್ ಇದ್ದವರು ಸ್ವಲ್ಪ ಕೇಳಿ. ಹಿಂಗತ್ತು ಕಪ್ಪಾಗಿ, ದಪ್ಪಗೆ, ಮಖಮಲ್ ತರಹ ಆಗಿದೆಯಾ? ಅದು ಕೊಳೆಯಲ್ಲ. ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದಾಗ ಚರ್ಮದ ಕೋಶಗಳು ಬೇಗ ಬೆಳೆಯುತ್ತವೆ, ಹಾಗಾಗಿ ಎರಡೂ ಒಟ್ಟಿಗೆ ಬರುತ್ತವೆ. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಮಾಡಿಸಿ. ಶೇಕಡಾ 5.7ರಿಂದ 6.4 ಬಂದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಒಳಗೆ ಬಂದಿದೆ. ಬಸುರಿಯಾಗಿದ್ದಾಗ ಬಂದವುಗಳ ಕಥೆ ಬೇರೆ. ಹೆರಿಗೆಯಾದ ಮೇಲೆ ಕೆಲವು ತಾವೇ ಸಣ್ಣಗಾಗುತ್ತವೆ, ಕಾಯಬಹುದು.

ಕ್ಲಿನಿಕ್‌ನಲ್ಲಿ ನಾವು ಮಾಡುವುದು ಚಿಕ್ಕ ಕೆಲಸ. ಜಾಗ ಮರಗಟ್ಟಿಸಿ ಕತ್ತರಿಯಿಂದ ಕತ್ತರಿಸುತ್ತೇವೆ ಅಥವಾ ಕರೆಂಟ್ ಸೂಜಿಯಿಂದ ಸುಡುತ್ತೇವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಹಚ್ಚುವ ವಿಧಾನವೂ ಇದೆ. ಆದರೆ ಬಣ್ಣ ಕೊಡುವ ಕೋಶಗಳು ಚಳಿಗೆ ಬೇಗ ಸಾಯುತ್ತವೆ, ನಮ್ಮ ಚರ್ಮದಲ್ಲಿ ಬಿಳಿ ಕಲೆ ಉಳಿಯಬಹುದು. ಹಾಗಾಗಿ ಕತ್ತು, ಮುಖಕ್ಕೆ ನನಗೆ ಅದು ಅಷ್ಟು ಇಷ್ಟವಿಲ್ಲ. ಸಂಶಯ ಬಂದರೆ ತುಣುಕನ್ನು ಬಯಾಪ್ಸಿಗೆ, ಅಂದರೆ ಲ್ಯಾಬ್‌ನಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ, ಕಳಿಸುತ್ತೇವೆ. ಖರ್ಚಿನ ಚಿಂತೆ ಇದ್ದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಬ್ಯೂಟಿ ಪಾರ್ಲರ್‌ನಲ್ಲಿ ಕಡಿಮೆ ದುಡ್ಡಿಗೆ ಸುಡುತ್ತಾರೆ ಎಂದು ಹೋಗಬೇಡಿ. ಅಲ್ಲಿನ ಸೂಜಿ ಅದಕ್ಕೆ ಮುಂಚೆ ಯಾರ ಕತ್ತಿನಲ್ಲಿತ್ತೋ!

ತೆಗೆಸಲೇಬೇಕು ಅಂತೇನೂ ಇಲ್ಲ. ತೊಂದರೆ ಕೊಡದಿದ್ದರೆ ಸುಮ್ನೆ ಬಿಟ್ಟರೂ ಆಯಿತು. ಸರಿ, ಈಗ ಪ್ರಶ್ನೆ ಕೇಳಿ. ಮೊಬೈಲ್ ಫೋಟೋ ಬೇಡ, ಕತ್ತನ್ನೇ ಬೆಳಕಿಗೆ ತನ್ನಿ.