ರಿವೆಟ್ ಹೊಡೆಯುವ ಮೊದಲು

ಕೇಳುಗರಿಗೆ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ದಿನವಿಡೀ ಡ್ರಿಲ್ ಹಿಡಿಯುವವರು, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಹುಡುಗರು, ಮನೆಯ ಶೆಡ್ಡಿನಲ್ಲೇ ಪುಟ್ಟ ವಿಮಾನ ಕಟ್ಟಬೇಕು ಅಂತ ಆಸೆ ಇಟ್ಟುಕೊಂಡವರು ಕೇಳುತ್ತಿರಬಹುದು. ಎಲ್ಲರಿಗೂ ಒಂದೇ ಮಾತು: ಬರ್ ತೆಗೆಯಿರಿ.

ಅಲ್ಯೂಮಿನಿಯಂ ತಗಡಿಗೆ ಡ್ರಿಲ್ ಹಾಕಿದಾಗ ತೂತಿನ ಅಂಚಿನಲ್ಲಿ ಚೂಪಾದ ಸಿಬಿರು ಏಳುತ್ತದೆ, ಅಲ್ವಾ? ಅದೇ ಬರ್. ಎರಡು ತಗಡಿನ ನಡುವೆ ಅದು ಉಳಿದರೆ ತಗಡುಗಳು ಅಂಟಿ ಕೂರುವುದಿಲ್ಲ. ತಗಡು ಜೋಡಿಸುವ ಮೊಳೆಯಂಥ ರಿವೆಟ್ ಹೊಡೆದಾಗ ಅದು ಆ ಸಂದಿಯೊಳಗೇ ಉಬ್ಬುತ್ತದೆ. ಮೇಲೆ ನೋಡಲು ಚೆಂದ, ಒಳಗೆ ಸಡಿಲು.

ಅದಕ್ಕೇ ತೂತು ಕೊರೆದ ಮೇಲೆ, ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲಿಪ್ಪು ಕ್ಲೆಕೋ ಕಿತ್ತು ತಗಡು ಬೇರೆ ಮಾಡಲೇಬೇಕು. "ಮತ್ತೆ ಬಿಚ್ಚಬೇಕೇನ್ರಿ ಸರ್?" ಅಂತ ಕೇಳುತ್ತಾರೆ. ಹೌದಪ್ಪಾ, ಬಿಚ್ಚಬೇಕು! ತೂತಿಗಿಂತ ದೊಡ್ಡ ಡ್ರಿಲ್ ಬಿಟ್ ಒಂದನ್ನು ಕೈಯಲ್ಲೇ ಹಿಡಿದು ಹಗುರಾಗಿ ಎರಡು ಸುತ್ತು ತಿರುಗಿಸಿ. ಎರಡೂ ಬದಿಗೆ. ಆಮೇಲೆ ಹತ್ತಿಯ ಉಂಡೆಯನ್ನು ಅಂಚಿನ ಮೇಲೆ ಸವರಿ. ಎಳೆ ಸಿಕ್ಕಿಕೊಂಡಿತೋ, ಬರ್ ಇನ್ನೂ ಇದೆ.

ಜಾಸ್ತಿ ತಿರುಗಿಸಬೇಡಿ, ಅಂಚು ಚಾಕುವಿನ ಬಾಯಿಯಾಗುತ್ತದೆ. ಇಲ್ಲಿ ನಾನು ಹೋದಲ್ಲೆಲ್ಲ ಹೇಳುವ ಘಟನೆ ಹೇಳಲೇಬೇಕು. 1988ರ ಏಪ್ರಿಲ್ 28, ಹವಾಯಿ. ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737. ಹಳೆಯ ವಿಮಾನ, 89,000ಕ್ಕೂ ಹೆಚ್ಚು ಸಲ ಹಾರಿತ್ತು. 24,000 ಅಡಿ ಎತ್ತರದಲ್ಲಿ ಮುಂಭಾಗದ ಚಾವಣಿಯೇ ಕಿತ್ತುಹೋಯಿತು! ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತವರ ತಲೆ ಮೇಲೆ ಬರೀ ಆಕಾಶ. ನಿಂತಿದ್ದ ಒಬ್ಬ ಗಗನಸಖಿ ಹೊರಗೆ ಎಸೆಯಲ್ಪಟ್ಟು ತೀರಿಹೋದರು. ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿದರು, ಉಳಿದವರೆಲ್ಲ ಬದುಕಿದರು. ಆಗಿದ್ದೇನು? ತಗಡುಗಳ ನಡುವಿನ ಅಂಟು ಬಿಟ್ಟು ಭಾರವೆಲ್ಲ ರಿವೆಟ್ ಮೇಲೆ ಬಿದ್ದಿತ್ತು. ರಿವೆಟ್ ತಲೆ ಕೂರಿಸಲು ಕೊರೆದ ತೂತುಗಳ ಅಂಚು ತೀರಾ ತೆಳು. ಬಿರುಕು ಹುಟ್ಟಿದ್ದು ಆ ಅಂಚಿನಲ್ಲೇ.

ಸ್ಟುಡಿಯೋ ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಮುಗಿಸುತ್ತೇನೆ. ತೆಳು ತಗಡಿಗೆ ಕೌಂಟರ್‌ಸಿಂಕ್ ಬೇಡ, ಅಂದರೆ ರಿವೆಟ್ ತಲೆ ಕೂರಿಸಲು ತಗಡು ಕೊರೆಯಬೇಡಿ. ಬದಲಿಗೆ ತೂತಿನ ಸುತ್ತ ತಗಡನ್ನೇ ಕುಳಿಯಾಗಿ ಒತ್ತಿ, ಅದೇ ಡಿಂಪಲ್. ಅದಕ್ಕೂ ಮೊದಲು ಬರ್ ತೆಗೆದಿರಬೇಕು, ಇಲ್ಲದಿದ್ದರೆ ಒತ್ತುವಾಗಲೇ ಅಂಚು ಸೀಳುತ್ತದೆ. ಗುರುತು ಹಾಕಲು ಪೆನ್ಸಿಲ್ ಬೇಡ. ಅದರ ಗ್ರಾಫೈಟ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸ್ಕೆಚ್ ಪೆನ್ ಸಾಕು. ಜಿಡ್ಡು ಒರೆಸಿ ಪ್ರೈಮರ್ ಹೊಡೆಯಿರಿ. ಯಾವ ಪ್ರೈಮರ್ ಒಳ್ಳೆಯದು ಅನ್ನುವ ಜಗಳಕ್ಕೆ ಇವತ್ತು ಸಮಯವಿಲ್ಲ. ನಮಸ್ಕಾರ.